ಒಮ್ಮೆ ಆಫ್ ಮಾಡಿ ಆನ್ ಮಾಡ್ರಿ

ನಮ್ಮ ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ ಸಲಹೆಗೆ ಎಂದೂ ಬರ ಬಂದದ್ದಿಲ್ಲ. ಮಳೆ ಕೈಕೊಟ್ಟ ವರ್ಷಗಳುಂಟು, ಕಬ್ಬಿಗೆ ಬೆಲೆ ಸಿಗದೆ ರೈತರು ತಲೆಯ ಮೇಲೆ ಕೈಹೊತ್ತು ಕೂತ ವರ್ಷಗಳುಂಟು. ಆದರೆ ಮನೆಯ ಮುಂದಿನ ಕಟ್ಟೆಯ ಮೇಲೆ ಮುಖ ಸಣ್ಣದು ಮಾಡಿಕೊಂಡು ಐದು ನಿಮಿಷ ಕೂತವನಿಗೆ, ಏನಾಗಿದೆ ಎಂದು ಅವನು ಬಾಯಿಬಿಡುವ ಮೊದಲೇ, ಏನು ಮಾಡಬೇಕೆಂದು ಹೇಳಿ ಹೋಗುವ ಪುಣ್ಯಾತ್ಮರು ಸಿಗದ ದಿನವಿಲ್ಲ. ಮಂಡಿನೋವಿಗೆ ಎಣ್ಣೆ, ಮಗಳ ಮದುವೆಗೆ ಗಂಡು, ಬೋರ್‌ವೆಲ್ ಕೊರೆಸಲು ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ನೀರು ತೋರಿಸುವವನ ಫೋನ್ ನಂಬರು, ಎಲ್ಲವೂ ಬಿಟ್ಟಿ. ಈ ದಾನಶೂರತ್ವದ ವಿಶ್ವರೂಪದರ್ಶನ ನನಗೆ ಆದದ್ದು ನನ್ನ ಮೊಬೈಲಿನ ಅಪ್‌ಡೇಟ್ ಅರ್ಧಕ್ಕೆ ನಿಂತಾಗ.

ಮೊಬೈಲು ಯಾವ ಕಂಪನಿಯದು ಎಂದು ಹೇಳುವುದಿಲ್ಲ. ಹೇಳಿದರೆ ನಿಮ್ಮಲ್ಲಿ ಅರ್ಧ ಜನ "ಅದನ್ಯಾಕೆ ತಗೊಂಡ್ರಿ, ನನ್ನ ಒಂದು ಮಾತು ಕೇಳಬೇಕಿತ್ತು" ಎನ್ನುತ್ತೀರಿ. ಅದೂ ಸಲಹೆಯೇ, ಕಾಲ ಮೀರಿ ಬಂದದ್ದು, ಅಷ್ಟೆ. ಬೆಳಗಿನ ಕಾಫಿಯ ಹೊತ್ತಿಗೆ ಪರದೆಯ ನೆತ್ತಿಯ ಮೇಲೆ ಹೊಸ ಸಾಫ್ಟ್‌ವೇರ್ ಸಿದ್ಧವಿದೆ ಎಂಬ ಚೀಟಿ ಮೂಡಿತು. ನಾನೇನೂ ಕೇಳಿರಲಿಲ್ಲ. ಹಳೆಯದರ ಮೇಲೆ ನನಗೆ ಯಾವ ದೂರೂ ಇರಲಿಲ್ಲ. ಅದರಲ್ಲಿ ನನಗೆ ಗೊತ್ತಿದ್ದದ್ದೇ ನಾಲ್ಕು ಗುಂಡಿ, ಆ ನಾಲ್ಕೂ ಇಟ್ಟಲ್ಲೇ ಇದ್ದವು. ಆದರೆ ಭದ್ರತೆಯ ದೃಷ್ಟಿಯಿಂದ ಇದು ಅತ್ಯಗತ್ಯವೆಂದು ಚೀಟಿಯ ಅಡಿಯಲ್ಲಿ ಬರೆದಿತ್ತು. ಭದ್ರತೆ ಎಂದೊಡನೆ ನನ್ನಂಥ ಪಿಂಚಣಿದಾರನ ಕಣ್ಣಮುಂದೆ ನಿಲ್ಲುವುದು ಬ್ಯಾಂಕಿನ ಪಾಸ್‌ಬುಕ್ಕು. ಒತ್ತಿದೆ. ಶೇಕಡಾ ಲೆಕ್ಕ ಏರತೊಡಗಿತು. ಅಡುಗೆಮನೆಯಲ್ಲಿ ಸಾರು ಕುದಿಯಿತು, ರೊಟ್ಟಿ ಬೆಂದವು, ಇದು ಮಾತ್ರ ನಲವತ್ತರ ಹತ್ತಿರ ಧ್ಯಾನಸ್ಥವಾಗಿ ಕೂತಿತ್ತು. ಊಟ ಮುಗಿಸಿ ಕೈ ತೊಳೆದು ಬಂದು ನೋಡುತ್ತೇನೆ, ಪರದೆಯ ಮೇಲೆ ಒಂದೇ ಸಾಲು: ಏನೋ ತಪ್ಪಾಗಿದೆ, ಸ್ವಲ್ಪ ಸಮಯದ ನಂತರ ಮತ್ತೆ ಪ್ರಯತ್ನಿಸಿ.

ಏನೋ ತಪ್ಪಾಗಿದೆಯಂತೆ! ಕಣ್ಣು ಮಿಟುಕಿಸುವುದರೊಳಗೆ ಕೋಟಿಗಟ್ಟಲೆ ಲೆಕ್ಕ ಹಾಕುವ ಯಂತ್ರ, ತನ್ನ ಹೊಟ್ಟೆಯೊಳಗೇ ಆದ ಅನಾಹುತದ ಬಗ್ಗೆ ಇದಕ್ಕಿಂತ ಹೆಚ್ಚು ಹೇಳಲಾರದು. ಉಪನಿಷತ್ತಿನ ಋಷಿಗಳು ಪರಬ್ರಹ್ಮದ ವಿಷಯದಲ್ಲೂ ಇಷ್ಟು ಹಾರಿಕೆಯ ಮಾತಾಡಿದವರಲ್ಲ. ಹಾಗಂತ ಒಳಗೆ ಕಾರಣ ಇರುವುದಿಲ್ಲವೆಂದಲ್ಲ. ಜಾಗ ಸಾಲದೆ ಹೋಗಿರಬಹುದು. ಇಳಿಸಿಕೊಂಡ ಕಡತ ದಾರಿಯಲ್ಲಿ ಕೆಟ್ಟು, ಕಂಪನಿ ಒತ್ತಿ ಕಳಿಸಿದ ಡಿಜಿಟಲ್ ಮುದ್ರೆಯೊಂದಿಗೆ ತಾಳೆಯಾಗದೆ ಹೋಗಿರಬಹುದು. ಕರೆಂಟು ಹೋಗಿ ವೈಫೈ ಸತ್ತು, ಅರ್ಧವಷ್ಟೇ ಬಂದಿರಬಹುದು. ಅಥವಾ ಕಂಪನಿಯವರೇ ಕಳಿಸಿದ ಸರಕಿನಲ್ಲಿ ಐಬಿರಬಹುದು. ಇದಕ್ಕೆಲ್ಲ ಒಳಗೊಳಗೇ ಒಂದೊಂದು ಸಂಖ್ಯೆಯೂ ಇರುತ್ತದೆ. ನಮಗೆ ತೋರಿಸುವುದಿಲ್ಲ, ಮುದುಕರು ಹೆದರಿಕೊಂಡಾರು ಎಂಬ ಕರುಣೆಯಿಂದ. ಕಂಪ್ಯೂಟರಿಗೆ ಆ ಕರುಣೆ ಕಡಿಮೆ. ಅದು ಸೊನ್ನೆಯಿಂದ ಶುರುವಾಗಿ ನಡುವೆ ಎಕ್ಸ್ ಅಕ್ಷರ ಬರುವ ಉದ್ದನೆಯ ಅಂಕಿಯನ್ನು ನೀಲಿ ಹಲಗೆಯ ಮೇಲೆ ಕೆತ್ತಿ ಮುಖಕ್ಕೆ ಹಿಡಿಯುತ್ತದೆ. ಅದನ್ನು ಓದಿ ಉದ್ಧಾರವಾದವರನ್ನು ನಮ್ಮ ಓಣಿಯಲ್ಲಿ ನಾನು ಕಂಡಿಲ್ಲ.

ಮೊದಲು ಬಂದವರು ಎದುರುಮನೆ ಮೇಷ್ಟ್ರು. ಕಟ್ಟೆ ಹತ್ತುವ ಮೊದಲೇ, ಒಂದು ಕಾಲು ಇನ್ನೂ ರಸ್ತೆಯಲ್ಲಿರುವಾಗಲೇ, "ಒಮ್ಮೆ ಆಫ್ ಮಾಡಿ ಆನ್ ಮಾಡ್ರಿ" ಅಂದರು. ಇದನ್ನು ಲೇವಡಿ ಮಾಡುವ ಹಾಗಿಲ್ಲ. ನಡೆಯುತ್ತಿರುವ ಯಂತ್ರದ ತಾತ್ಕಾಲಿಕ ನೆನಪಿನಲ್ಲಿ ಹತ್ತಾರು ಕೆಲಸಗಳ ಗೋಜಲು ಕಟ್ಟಿಕೊಂಡಿರುತ್ತದೆ. ಕರೆಂಟು ಕಡಿದರೆ ಆ ಗೋಜಲೆಲ್ಲ ಅಳಿಸಿ, ಎದ್ದಾಗ ಎಲ್ಲವೂ ಗೊತ್ತಿರುವ ಜಾಗದಿಂದ, ಗೊತ್ತಿರುವ ಕ್ರಮದಲ್ಲಿ ಶುರುವಾಗುತ್ತವೆ. ಹತ್ತರಲ್ಲಿ ಆರು ಸಲ ಸರಿಹೋಗುತ್ತದೆ ಎಂದು ಮೇಷ್ಟ್ರು ಲೆಕ್ಕವನ್ನೂ ಕೊಟ್ಟರು, ಗಣಿತದ ಮೇಷ್ಟ್ರು ಬೇರೆ. ಸರಿ, ಆಫ್ ಮಾಡಿದೆ, ಆನ್ ಮಾಡಿದೆ. ಏನೋ ತಪ್ಪಾಗಿದೆ ಎಂದೇ ಬಂತು. "ಹಂಗಾರೆ ಇನ್ನೊಮ್ಮೆ ಮಾಡ್ರಿ, ಈ ಸಲ ಸ್ವಲ್ಪ ಹೊತ್ತು ಬಿಟ್ಟು" ಎಂದು ಹೇಳಿ, ಕರ್ತವ್ಯ ಮುಗಿಸಿದ ಗಾಂಭೀರ್ಯದಿಂದ ಪೇಪರು ಎತ್ತಿಕೊಂಡು ಹೋದರು. ನನ್ನ ಪೇಪರು.

ಸಂಜೆ ಮಂಡಾಳು ಒಗ್ಗರಣಿ ಕಟ್ಟಿಸಿಕೊಳ್ಳಲು ಹೋದಾಗ ಮಿರ್ಚಿ ಅಂಗಡಿಯವನ ಸರದಿ. ಅವನು ಬಾಣಲೆಯಲ್ಲಿ ಮೆಣಸಿನಕಾಯಿ ತಿರುವುತ್ತಲೇ, ನನ್ನ ಕಡೆ ತಿರುಗದೆ, "ಸಿಮ್ ತೆಗೆದು ಹಾಕ್ರಿ ಸಾರ್" ಅಂದ. ಸಿಮ್ಮಿಗೂ ಇದಕ್ಕೂ ಏನಪ್ಪಾ ಸಂಬಂಧ ಎಂದೆ. "ಅದೆಲ್ಲ ಗೊತ್ತಿಲ್ರಿ, ನಂದು ಹಂಗೇ ಸರಿಹೋತು." ನಿನ್ನದಕ್ಕೆ ಏನಾಗಿತ್ತು? "ಟವರ್ ಸಿಗ್ತಿರಲಿಲ್ಲ."

ಇಲ್ಲಿ ನನಗೊಂದು ಅನುಮಾನ ಹುಟ್ಟಿತು. ಸಲಹೆ ಕೊಡುವವರು ನಮ್ಮ ಕಾಯಿಲೆಯನ್ನು ನೋಡಿ ಮದ್ದು ಕೊಡುವುದಿಲ್ಲ. ತಮ್ಮ ಜೇಬಿನಲ್ಲಿರುವ ಮದ್ದನ್ನು ನೋಡಿ ನಮಗೆ ಕಾಯಿಲೆ ಕೊಡುತ್ತಾರೆ. ಅನುಮಾನ ಗಟ್ಟಿಯಾದದ್ದು ಕಂಪನಿಯ ಸಹಾಯವಾಣಿಗೆ ಕರೆ ಮಾಡಿದಾಗ. ಕನ್ನಡಕ್ಕೆ ಇಂಥ ಅಂಕಿ ಒತ್ತಿ ಎಂದಿತು, ಒತ್ತಿದೆ. ನಿಮ್ಮ ಕರೆ ನಮಗೆ ಅಮೂಲ್ಯ ಎಂದು ಒಂದು ಹೆಣ್ಣುದನಿ ಪದೇ ಪದೇ ಹೇಳಿ, ಆ ಅಮೂಲ್ಯ ವಸ್ತುವನ್ನು ಬಹಳ ಹೊತ್ತು ಸಂಗೀತದಲ್ಲಿ ನೆನೆಹಾಕಿತು. ಕೊನೆಗೆ ಜೀವವಿರುವ ಹುಡುಗಿಯೊಬ್ಬಳು ಬಂದಳು. ಒಳ್ಳೆಯ ಹುಡುಗಿ, ದನಿಯಲ್ಲಿ ಎಲ್ಲೋ ಧಾರವಾಡದ ಕಡೆಯ ಎಳೆ ಇತ್ತು. ನಾನು ಆದದ್ದನ್ನೆಲ್ಲ, ಸಾರು ಕುದಿದದ್ದರಿಂದ ಹಿಡಿದು, ವಿವರವಾಗಿ ಹೇಳಿದೆ. ಆಕೆ ತಾಳ್ಮೆಯಿಂದ ಕೇಳಿ, ನಿಮಗಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ ಸರ್, ಬ್ಯಾಟರಿ ಅರ್ಧಕ್ಕಿಂತ ಹೆಚ್ಚಿದೆಯೇ ಎಂದಳು. ಇದೆ. ವೈಫೈ ಇದೆಯೇ? ಇದೆ. ಹಾಗಾದರೆ ದಯವಿಟ್ಟು ಈಗ ಮೊಬೈಲನ್ನು ಒಮ್ಮೆ ಸ್ವಿಚ್ ಆಫ್ ಮಾಡಿ ಆನ್ ಮಾಡಿ ಸರ್, ನಾನು ಲೈನಿನಲ್ಲೇ ಇರುತ್ತೇನೆ.

"ತಾಯಿ, ನಾನು ಮಾತಾಡುತ್ತಿರುವುದು ಇದೇ ಮೊಬೈಲಿನಿಂದ."

ಒಂದು ಕ್ಷಣ ಮೌನ. ಅವಳ ಮುಂದಿನ ಪಟ್ಟಿಯಲ್ಲಿ ಇದಕ್ಕೆ ಉತ್ತರ ಬರೆದಿರಲಿಲ್ಲವೆಂದು ಕಾಣುತ್ತದೆ. ನಂತರ, ಮತ್ತೂ ಮೃದುವಾಗಿ, "ಪರವಾಗಿಲ್ಲ ಸರ್, ಆಫ್ ಮಾಡಿ" ಅಂದಳು. ದೊಡ್ಡವರಾಗಲಿ ಚಿಕ್ಕವರಾಗಲಿ, ಅಷ್ಟು ಪ್ರೀತಿಯಿಂದ ಹೇಳಿದ ಮೇಲೆ ಇಲ್ಲವೆನ್ನಲು ನನಗೆ ಬಾಯಿ ಬರುವುದಿಲ್ಲ. ಆಫ್ ಮಾಡಿದೆ. ಆನ್ ಮಾಡಿ ಮತ್ತೆ ಕರೆ ಮಾಡಿದರೆ ಅವಳಿಲ್ಲ, ಇನ್ನೊಬ್ಬ ಹುಡುಗ. ಬ್ಯಾಟರಿ ಅರ್ಧಕ್ಕಿಂತ ಹೆಚ್ಚಿದೆಯೇ ಸರ್?

ನಮ್ಮ ಅಜ್ಜಿಯ ಹತ್ತಿರವೂ ಮದ್ದು ಇದ್ದದ್ದು ಒಂದೇ. ಜ್ವರ ಬರಲಿ, ಹೊಟ್ಟೆ ತೊಳಸಲಿ, ಗಣಿತದಲ್ಲಿ ನಪಾಸಾಗಲಿ, ಕಲ್ಲುಪ್ಪು, ಒಣಮೆಣಸಿನಕಾಯಿ, ಕಸಬರಿಗೆಯ ನಾಲ್ಕು ಕಡ್ಡಿ ಮುಷ್ಟಿಯಲ್ಲಿ ಹಿಡಿದು ಮುಖದ ಮುಂದೆ ಇಳಿಸಿ ಒಲೆಗೆ ಹಾಕುವುದು. ಘಾಟು ಎದ್ದರೆ ದೃಷ್ಟಿ ಹೋಯಿತು. ಏಳದಿದ್ದರೆ ನೋಡಿದಿರಾ, ಎಷ್ಟು ದೊಡ್ಡ ದೃಷ್ಟಿ ಆಗಿತ್ತು ಎಂದು ಅರ್ಥ. ಸೋಲೇ ಇಲ್ಲದ ಶಾಸ್ತ್ರ. ಆದರೆ ಉಪ್ಪು ಮೆಣಸಿನಕಾಯಿಗೆ ಕೈಹಾಕುವ ಮೊದಲು ಆಕೆ ಮಾಡುತ್ತಿದ್ದ ವಿಚಾರಣೆ ಇದೆಯಲ್ಲ, ಅದನ್ನು ಇಂದಿನ ದೊಡ್ಡಾಸ್ಪತ್ರೆಗಳಲ್ಲೂ ಕಾಣೆ. ಆಗ ನಮ್ಮ ಚಿತ್ತವಾಡ್ಗಿಯ ಸಕ್ಕರೆ ಕಾರ್ಖಾನೆ ನಡೆಯುತ್ತಿತ್ತು, ಈಗ ನಿಂತಿದೆ. ಕಬ್ಬು ನುರಿಸುವ ಕಾಲ ಬಂತೆಂದರೆ ಎತ್ತಿನ ಗಾಡಿಗಳ ಸಾಲು, ಊರ ತುಂಬ ಕಾಕಂಬಿಯ ಹುಳಿಸಿಹಿ ವಾಸನೆ, ಶಾಲೆ ಬಿಟ್ಟ ಹುಡುಗರೆಲ್ಲ ಗಾಡಿಯ ಹಿಂದೆ. ಗಾಡಿಯವನು ತೂಕಡಿಸುವ ಹೊತ್ತು ನೋಡಿ ಒಂದು ಜಲ್ಲೆ ಎಳೆಯಬೇಕು. ಬಿಗಿಯಾಗಿ ಕಟ್ಟಿದ ಹೊರೆಯಿಂದ ಜಲ್ಲೆ ಎಳೆಯುವುದಕ್ಕೆ ಒಂದು ವರಸೆ ಇದೆ: ನೇರ ಎಳೆದರೆ ಬರದು, ಗಾಡಿ ಗುಂಡಿಗೆ ಇಳಿದು ಏಳುವಾಗ ಹೊರೆ ಒಂದು ಗಳಿಗೆ ಸಡಿಲವಾಗುತ್ತದೆ, ಆಗ ತಿರುವಿ ಕಿತ್ತುಕೊಳ್ಳಬೇಕು. ನಮ್ಮ ರಸ್ತೆಗಳು ಈ ವಿದ್ಯೆಗೆ ತುಂಬ ಅನುಕೂಲವಾಗಿದ್ದವು, ಈಗಲೂ ಇವೆ.

ಅದಿರಲಿ. ರಾತ್ರಿ ಹೊಟ್ಟೆ ಹಿಡಿದುಕೊಂಡು ಬಂದ ಮೊಮ್ಮಗನನ್ನು ಅಜ್ಜಿ ತೊಡೆಯ ಮೇಲೆ ಮಲಗಿಸಿಕೊಂಡು ಕೇಳುವಳು: ಎಲ್ಲಿಗೆ ಹೋಗಿದ್ಯೋ? ಕಾಲುವೆಗೆ ಇಳಿದಿದ್ಯಾ? ಕಬ್ಬು ತಿಂದು ನೀರು ಕುಡಿದ್ಯಾ? ಎಷ್ಟು ತಿಂದೆ, ಸಿಪ್ಪೆ ಯಾವ ಕಡೆ ಉಗುಳಿದೆ? ಹುಣಸೆಮರದ ಕೆಳಗೆ ಹಾದು ಬಂದ್ಯಾ? ಯಾರು ನೋಡಿದ್ರು, ನೋಡಿ ಏನಂದ್ರು? ಹೀಗೆ ಕೇಳುತ್ತ ಕೇಳುತ್ತ ನನ್ನ ಇಡೀ ದಿನಚರಿ ಆಕೆಯ ಕೈಸೇರುತ್ತಿತ್ತು. ದೃಷ್ಟಿ ತೆಗೆದಾದ ಮೇಲೆ ಮರೆಯದೆ ಒಂದು ಲೋಟ ಓಂಕಾಳಿನ ಕಷಾಯವೂ ಗಂಟಲಿಗೆ ಇಳಿಯುತ್ತಿತ್ತು. ಹೊಟ್ಟೆನೋವು ಹೋದದ್ದು ಯಾವುದರಿಂದ ಎಂದು ಈಗ ಯಾರು ಹೇಳಬೇಕು? ಆದರೆ ಏನಾಯಿತೋ ಮಗನೇ ಎಂದು ಕೇಳಿದ ಬಾಯಿ ಅದೊಂದೇ. ಮೇಷ್ಟ್ರು ಕೇಳಲಿಲ್ಲ, ಮಿರ್ಚಿಯವನು ಕೇಳಲಿಲ್ಲ, ಸಹಾಯವಾಣಿಯ ಹುಡುಗಿ ಬ್ಯಾಟರಿಯನ್ನು ಕೇಳಿದಳು.

ಬೆಂಗಳೂರಿನಲ್ಲಿರುವ ಮಗನದು ಮೇಲ್ದರ್ಜೆಯ ಸಲಹೆ. ಅವನು ತಾಯಿಯ ಮೊಬೈಲಿಗೆ ವಿಡಿಯೊ ಕರೆ ಮಾಡಿ, "ಅಪ್ಪಾ, ರಿಕವರಿ ಮೋಡ್‌ಗೆ ಹೋಗು. ಆಫ್ ಮಾಡಿ, ಪವರ್ ಗುಂಡಿ, ವಾಲ್ಯೂಮಿನ ಮೇಲಿನ ಗುಂಡಿ, ಎರಡನ್ನೂ ಒಟ್ಟಿಗೆ ಒತ್ತಿ ಹಿಡಿ" ಎಂದ. ಒಟ್ಟಿಗೆ ಎನ್ನುವುದು ಇಪ್ಪತ್ತರ ಬೆರಳುಗಳಿಗೆ ಸುಲಭ. ನನ್ನದರಲ್ಲಿ ಒಂದು ಬೆರಳು ಮುಂದೆ, ಒಂದು ಹಿಂದೆ. ಆಫ್ ಮಾಡುವ ಮೊದಲೇ ಗುಂಡಿ ಅಮುಕುವುದು, ಮೇಲಿನದರ ಬದಲು ಕೆಳಗಿನದನ್ನು ಒತ್ತುವುದು. ಕೆಳಗಿನದನ್ನು ಒತ್ತಿದರೆ ಪರದೆಯ ಫೋಟೊ ತೆಗೆದುಕೊಳ್ಳುತ್ತದಂತೆ ಈ ಯಂತ್ರ. ನನ್ನ ಪುರುಷಪ್ರಯತ್ನಗಳೆಲ್ಲ ಸಚಿತ್ರವಾಗಿ ಗ್ಯಾಲರಿಯಲ್ಲಿ ಶೇಖರವಾಗಿವೆ, ಬೇಕಾದವರು ಬಂದು ನೋಡಬಹುದು. ಕೊನೆಗೂ ಒಮ್ಮೆ ಸರಿಯಾಗಿ ಒತ್ತಿದಾಗ ಕಪ್ಪು ಪರದೆಯ ಮೇಲೆ ಒಂದು ಹಸಿರು ಯಂತ್ರಪುರುಷ ಕಾಣಿಸಿಕೊಂಡ. ಅಂಗಾತ ಮಲಗಿದ್ದಾನೆ, ಹೊಟ್ಟೆಯ ಬಾಗಿಲು ತೆರೆದಿದೆ, ಒಳಗಿಂದ ಕೆಂಪು ತ್ರಿಕೋನ, ಅದರಲ್ಲೊಂದು ಉದ್ಗಾರಚಿಹ್ನೆ. ಕೆಳಗೆ ಇಂಗ್ಲಿಷಿನಲ್ಲಿ, ಯಾವ ಆಜ್ಞೆಯೂ ಇಲ್ಲ ಎಂದು ಬರೆದಿದೆ. ಮನೆಯಾಕೆ ಇಣುಕಿ ನೋಡಿ, "ಅಯ್ಯೋ, ಪಾಪ, ಹೋಗಿಬಿಡ್ತೇನ್ರೀ?" ಎಂದು ಬಾಯಿಗೆ ಸೆರಗು ಹಿಡಿದಳು. ಅದು ಆ ಕ್ಷೇತ್ರದ ದ್ವಾರಪಾಲಕನಂತೆ, ಇನ್ನೊಂದು ಸಲ ಗುಂಡಿ ಒತ್ತಿದರೆ ಒಳಗೆ ಬಿಡುತ್ತಾನಂತೆ. ಒಳಗೆ ಹೋಗಿ, ಮಗ ಹೇಳಿದಂತೆ ಕ್ಯಾಶೆ ಅಳಿಸಿದೆ. ಮತ್ತೆ ಅಪ್‌ಡೇಟ್. ಮತ್ತೆ ಏನೋ ತಪ್ಪಾಗಿದೆ.

"ಹಾಗಾದ್ರೆ ಫ್ಯಾಕ್ಟರಿ ರೀಸೆಟ್ ಒಂದೇ ದಾರಿ" ಅಂದ ಮಗ. ಎಲ್ಲ ಸಲಹೆಗಳೂ ಹರಿದು ಬಂದು ಕೂಡುವ ಸಾಗರ ಇದು. ಅಂದರೆ ಮಹಾಪ್ರಳಯ: ಫೋಟೊ, ಫೋನ್ ನಂಬರು, ಹೋದ ವರ್ಷ ತೀರಿಕೊಂಡ ಗೆಳೆಯನ ದನಿ ಸಂದೇಶ, ಕರೆಂಟು ಬಿಲ್ಲಿನ ರಸೀದಿ, ಸಕಲ ಚರಾಚರವೂ ಲಯವಾಗಿ, ಅಂಗಡಿಯಿಂದ ತಂದ ದಿನದ ಸ್ಥಿತಿಗೆ ಮರಳಬೇಕು. ಮೊಮ್ಮಗಳು ಮೊದಲ ಸಲ ತಾತ ಅಂದದ್ದೂ ಅದರಲ್ಲೇ ಇದೆ ಮಾರಾಯಾ ಎಂದೆ. ಬ್ಯಾಕಪ್ ತಗೋ ಅಂದ. ಬ್ಯಾಕಪ್ ತೆಗೆಯಲು ಹೊಸ ಸಾಫ್ಟ್‌ವೇರ್ ಬೇಕೆಂದು ಮೊಬೈಲು ಹೇಳಿತು.

ಪ್ರಳಯಕ್ಕೆ ಒಪ್ಪದಿರಲು ನನಗೊಂದು ಆಧಾರ ಸಿಕ್ಕಿತು. 2016ರಲ್ಲಿ ಬಂದ ಆಂಡ್ರಾಯ್ಡ್ 7ರಿಂದ ಈಚೆಗೆ ಹಲವು ಮೊಬೈಲುಗಳಲ್ಲಿ ಸಾಫ್ಟ್‌ವೇರಿಗೆ ಎರಡು ಕೋಣೆ ಮಾಡಿರುತ್ತಾರಂತೆ. ಒಂದರಲ್ಲಿ ಸಂಸಾರ ನಡೆಯುತ್ತಿರುವಾಗ ಖಾಲಿ ಇರುವ ಇನ್ನೊಂದರಲ್ಲಿ ಹೊಸದನ್ನು ಜೋಡಿಸುವುದು. ಎದ್ದು ನಿಂತರೆ ಅಲ್ಲಿಗೆ ಬಿಡಾರ, ನಿಲ್ಲದಿದ್ದರೆ ಸದ್ದಿಲ್ಲದೆ ಹಳೆಯದಕ್ಕೇ ವಾಪಸು. ಅದಕ್ಕೂ ಮುಂಚೆ ಇದ್ದ ಪದ್ಧತಿಯಲ್ಲಿ ವಾಸದ ಮನೆಯನ್ನೇ ಕೆಡವಿ ಕಟ್ಟುತ್ತಿದ್ದರು. ಮಧ್ಯದಲ್ಲಿ ಕರೆಂಟು ಹೋದರೆ ಮೊಬೈಲು ಕೈಯಲ್ಲಿ ಹಿಡಿಯುವ ಇಟ್ಟಿಗೆಯಾಗುತ್ತಿತ್ತು. ನನ್ನದು ಎರಡು ಕೋಣೆಯದೇ. ಅಂದರೆ ಏನೋ ತಪ್ಪಾಗಿದ್ದರೂ ಏನೂ ಆಗಿರಲಿಲ್ಲ. ಹಳೆಯದು ತನ್ನ ಪಾಡಿಗೆ ನಡೆಯುತ್ತಿತ್ತು. ಈ ಒಂದು ಮಾತನ್ನು ಅಷ್ಟು ಜನರಲ್ಲಿ ಒಬ್ಬರೂ ಹೇಳಲಿಲ್ಲ.

ನಮ್ಮಂಥವರ ಪಾಡು ಹೀಗಾದರೆ ದೊಡ್ಡವರದೇನು ಬೇರೆಯಲ್ಲ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿ ಕಳಿಸಿದ ಒಂದು ದೋಷದ ಅಪ್‌ಡೇಟ್‌ನಿಂದ ಜಗತ್ತಿನ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ತಿರುಗಿ ಮಲಗಿದವು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದುಕೊಟ್ಟರು. ಆಗ ತನ್ನ ಕ್ಲೌಡ್ ಗ್ರಾಹಕರಿಗೆ ಮೈಕ್ರೋಸಾಫ್ಟ್ ಹೇಳಿದ್ದೇನು ಗೊತ್ತೇ? ಆಫ್ ಮಾಡಿ ಆನ್ ಮಾಡಿ; ಕೆಲವರಿಗೆ 15 ಸಲದವರೆಗೂ ಬೇಕಾಗಿದೆ ಎಂದು. ನಮ್ಮ ಮೇಷ್ಟ್ರು ಈ ಸುದ್ದಿ ಓದಿ ಒಂದು ವಾರ ಎದೆಯುಬ್ಬಿಸಿ ತಿರುಗಿದರು. ಅದಕ್ಕೂ ಒಂದು ತರ್ಕವಿತ್ತು: ಪ್ರತಿ ಸಲ ಏಳುವಾಗಲೂ, ಮತ್ತೆ ಬೀಳುವುದರೊಳಗೆ ತಿದ್ದಿದ ಕಡತವನ್ನು ಎಳೆದುಕೊಳ್ಳಲು ಯಂತ್ರಕ್ಕೆ ಒಂದು ಗಳಿಗೆ ಸಿಗುತ್ತಿತ್ತು. ಉಳಿದ ಕಡೆ ಎಂಜಿನಿಯರುಗಳು ಒಂದೊಂದೇ ಯಂತ್ರದ ಮುಂದೆ ಕೂತು ಆ ಕೆಟ್ಟ ಕಡತವನ್ನು ಕೈಯಾರೆ ಅಳಿಸಿದರು.

ಇದಾಗಿ ಮೂರು ವಾರಕ್ಕೆ ನಮ್ಮ ಊರಿನದೇ ಸರದಿ. ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 33 ಗೇಟುಗಳಲ್ಲಿ 19ನೆಯದರ ಚೈನು ತುಂಡಾಗಿ ಗೇಟು ಕೊಚ್ಚಿಕೊಂಡು ಹೋಯಿತು. ಡ್ಯಾಂ ತುಂಬಿ ನಿಂತಿತ್ತು. ಆ ವಾರ ಹೊಸಪೇಟೆ, ಕಂಪ್ಲಿ, ಸಂಡೂರು ಸೀಮೆಯಲ್ಲಿ ಗೇಟಿನ ತಜ್ಞರಲ್ಲದವರು ಯಾರೂ ಉಳಿದಿರಲಿಲ್ಲ. ಮರಳಿನ ಚೀಲ ಒಟ್ಟಬೇಕು ಅಂದವರಿದ್ದರು. ಮಿರ್ಚಿಯವನು ಸಂಡೂರಿನ ಅದಿರು ಲಾರಿ ನಾಲ್ಕು ತಂದು ಅಡ್ಡ ಇಳಿಸಿಬಿಡಬೇಕು ಎಂಬ ಪಕ್ಷ. ಲಾರಿ ಒಳಗೆ ಅದಿರು ಇರಬೇಕೋ ಬೇಡವೋ ಎಂಬ ಬಗ್ಗೆ ಅವನ ಅಂಗಡಿಯ ಬೆಂಚಿನ ಮೇಲೆ ನಡೆದ ಚರ್ಚೆಯನ್ನು ನಾನು ಕಿವಿಯಾರೆ ಕೇಳಿದ್ದೇನೆ. ಗಂಭೀರವಾಗಿ ಎದುರಿಗಿದ್ದ ದಾರಿ ಮಾತ್ರ ಫ್ಯಾಕ್ಟರಿ ರೀಸೆಟ್ಟೇ: ಸುಮಾರು 105 ಟಿಎಂಸಿ ಹಿಡಿಯುವ ಜಲಾಶಯದಿಂದ 60 ಟಿಎಂಸಿಯಷ್ಟು ಹರಿಯಬಿಟ್ಟು, ನೀರು ಗೇಟಿನ ಮಟ್ಟಕ್ಕಿಂತ ಕೆಳಗಿಳಿದ ಮೇಲೆ ಕೆಲಸಕ್ಕೆ ಕೈಹಾಕುವುದು. ಕೆಳಗಡೆ ಭತ್ತ ನಾಟಿ ಮಾಡಿದ್ದ ರೈತರಿಗೆ ಅದು ನೀರಲ್ಲ, ಆ ವರ್ಷದ ಅನ್ನ.

ಆಗ ಬಂದವರು ಎನ್. ಕನ್ನಯ್ಯ ನಾಯ್ಡು, ಎಂಬತ್ತರ ಆಸುಪಾಸಿನ ಹಿರಿಯರು. ದೇಶದ ಎಷ್ಟೋ ಅಣೆಕಟ್ಟೆಗಳಿಗೆ ಗೇಟು ಮಾಡಿಕೊಟ್ಟ ತುಂಗಭದ್ರಾ ಸ್ಟೀಲ್ ಪ್ರಾಡಕ್ಟ್ಸ್ ಕಾರ್ಖಾನೆಯಲ್ಲಿ ದುಡಿದವರು. ಆ ಕಾರ್ಖಾನೆ ಇದ್ದದ್ದು ಬೇರೆಲ್ಲೂ ಅಲ್ಲ, ಇದೇ ಹೊಸಪೇಟೆಯಲ್ಲಿ, ಡ್ಯಾಮಿನ ಮಗ್ಗುಲಲ್ಲಿ. ಅದನ್ನು ಮುಚ್ಚುವ ತೀರ್ಮಾನವನ್ನು ಕೇಂದ್ರ ಸಂಪುಟ 2015ರಲ್ಲೇ ಮಾಡಿ ಮುಗಿಸಿತ್ತು. ನಮ್ಮ ಗೇಟು ಹೋದಾಗ ಗೇಟಿನ ಕಾರ್ಖಾನೆ ಇರಲಿಲ್ಲ, ಅಲ್ಲಿ ಕಲಿತ ಮನುಷ್ಯ ಇದ್ದರು. ಅವರು ಜಾಗ ನೋಡಿದರು, ಅಳತೆ ನೋಡಿದರು. 60 ಅಡಿ ಅಗಲ, 20 ಅಡಿ ಎತ್ತರದ ಕಿಂಡಿಯನ್ನು ಒಂದೇ ಬಾಗಿಲಿನಿಂದ ಮುಚ್ಚುವ ಬದಲು ನಾಲ್ಕು ನಾಲ್ಕು ಅಡಿಯ ಐದು ಉಕ್ಕಿನ ಹಲಗೆಗಳನ್ನು ಮಾಡಿಸಿ, ಧುಮ್ಮಿಕ್ಕುವ ನೀರಿನಲ್ಲೇ ಒಂದರ ಮೇಲೊಂದು ಇಳಿಸುವುದೆಂದು ನಿಶ್ಚಯಿಸಿದರು. 16ರಂದು ಮೊದಲನೆಯ ಹಲಗೆ ಕೂತಿತು, ಮರುದಿನದೊಳಗೆ ಉಳಿದವು. ಕ್ರೇನಿನ ಕೊಕ್ಕೆಗೆ ನೇತಾಡುತ್ತ ಆ ಉಕ್ಕಿನ ತುಂಡು ನೀರಿನ ನೊರೆಯೊಳಗೆ ಇಳಿಯುವುದನ್ನು ನಮ್ಮ ಓಣಿಯೆಲ್ಲ ಟೀವಿಯಲ್ಲಿ ಉಸಿರು ಬಿಗಿಹಿಡಿದು ನೋಡಿತು. ಸಲಹೆಗಾರರೆಲ್ಲ ಒಂದು ಸಂಜೆಯ ಮಟ್ಟಿಗೆ ಬಾಯಿ ಮುಚ್ಚಿದ್ದರು.

ನಮ್ಮ ಕಡೆ ಇಂಥ ಕೆಲಸ ಹೊಸದೇನಲ್ಲ ಬಿಡಿ. ವಿಜಯನಗರದ ಅರಸರು ತೋಡಿಸಿದ ಬಸವಣ್ಣ ಕಾಲುವೆ, ರಾಯ ಕಾಲುವೆ ಈಗಲೂ ಹೊಸಪೇಟೆಯ ಬಾಳೆ, ಕಬ್ಬಿಗೆ ನೀರುಣಿಸುತ್ತವೆ. 1945ರಲ್ಲಿ ಅಡಿಗಲ್ಲು ಬಿದ್ದು ಡ್ಯಾಂ ಎದ್ದಾಗ ಬಸವಣ್ಣ ಕಾಲುವೆಯ ಹಳೆಯ ಒಡ್ಡೇ ಹಿನ್ನೀರಿನಲ್ಲಿ ಮುಳುಗಿತು. ಎಂಜಿನಿಯರುಗಳು ಕಾಲುವೆಯನ್ನು ಅಳಿಸಲಿಲ್ಲ, ಡ್ಯಾಮಿನಿಂದಲೇ ಅದಕ್ಕೆ ನೀರು ಕೊಟ್ಟರು. ನಾನು ಬಾಲ್ಯದಲ್ಲಿ ಈಜು ಬಿದ್ದದ್ದು ಆ ನೀರಿನಲ್ಲೇ.

ಮೊಬೈಲಿನ ಕತೆ ಅರ್ಧಕ್ಕೆ ಬಿಟ್ಟೆ. ಹೇಳುವಂಥದ್ದೂ ಹೆಚ್ಚಿಲ್ಲ. ನಾನು ಏನನ್ನೂ ಮಾಡದೆ ಸುಮ್ಮನೆ ಇದ್ದುಬಿಟ್ಟೆ. ಕೆಲವು ವಾರಗಳ ಮೇಲೆ ಅದೇ ಚೀಟಿ ಮತ್ತೆ ಮೂಡಿತು. ಕನ್ನಡಕ ಏರಿಸಿ ನೋಡಿದರೆ ಆವೃತ್ತಿಯ ಬಾಲದಲ್ಲಿ ಅಂಕಿಯೊಂದು ಬದಲಾಗಿದೆ, ಗಾತ್ರವೂ ಬೇರೆ. ಕಂಪನಿಯವರು ತಮ್ಮ ಸರಕನ್ನು ತಾವೇ ತಿದ್ದಿ ಕಳಿಸಿದ್ದರು, ಬಾಯಿಬಿಡದೆ. ರಾತ್ರಿ ಒತ್ತಿ ಮಲಗಿದೆ, ಬೆಳಗ್ಗೆ ಆಗಿತ್ತು. ನನ್ನ ನಾಲ್ಕು ಗುಂಡಿಗಳಲ್ಲಿ ಮೂರು ಜಾಗ ಬದಲಿಸಿದ್ದವು.

ಸುದ್ದಿ ಓಣಿಗೆ ಹಬ್ಬಿತು. "ಆಫ್ ಮಾಡಿ ಸ್ವಲ್ಪ ಹೊತ್ತು ಬಿಡ್ರಿ ಅಂದಿದ್ದೆನಲ್ಲ" ಎಂದರು ಮೇಷ್ಟ್ರು, ಆ ಸ್ವಲ್ಪ ಹೊತ್ತಿನಲ್ಲಿ ಕೆಲವು ವಾರಗಳನ್ನೂ ಸೇರಿಸಿಕೊಂಡು. ಕ್ಯಾಶೆ ಅಳಿಸಿದ್ದರ ಫಲ ನಿಧಾನವಾಗಿ ಹತ್ತಿದೆ ಎಂದ ಮಗ. ಸಂಜೆ ಮಿರ್ಚಿ ಅಂಗಡಿಯ ಮುಂದೆ ನಿಂತಾಗ ಅವನೂ ಕೇಳಿದ:

"ಸಾರ್, ಸಿಮ್ ತೆಗೆದು ಹಾಕಿದ್ರಿ ಹೌದಿಲ್ಲೋ?"

"ಇಲ್ಲಪ್ಪ, ಮುಟ್ಟಲೇ ಇಲ್ಲ."

ಜಾಲರಿ ಸೌಟಿನಿಂದ ಎಣ್ಣೆ ಬಸಿಯುತ್ತ ಅವನು ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದ.

"ಹಂಗಾರೆ ಅದು ಬಾಳ ದಿನ ನಿಲ್ಲಂಗಿಲ್ಲ ತಗೋರಿ" ಅಂದ. "ಎರಡು ಪ್ಲೇಟಾ, ಮೂರಾ?"